ಇರಾಕಿನ ಶಿಯಾ ಕೂಟ ಪ್ರತಿ ಸಲ ಗೆಲ್ಲುತ್ತೆ, ಆದರೂ ಪ್ರಧಾನಿ ಯಾರು ಅಂತ ತಿಂಗಳುಗಟ್ಟಲೆ ಯಾಕೆ ಗೊತ್ತಾಗಲ್ಲ?

ಕಾಫಿಕಣಿವೆ:
ನಮಸ್ಕಾರ. ತೀರಾ ಸಾಮಾನ್ಯ ಪ್ರಶ್ನೆ, ನಗಬೇಡಿ. ಇರಾಕಿನಲ್ಲಿ ಚುನಾವಣೆ ಆದಾಗಲೆಲ್ಲ ಒಂದೇ ಕಥೆ ಓದುತ್ತೇನೆ. ಶಿಯಾ ಪಕ್ಷಗಳಿಗೆ ಜಾಸ್ತಿ ಸೀಟು ಬಂತು ಅಂತಾರೆ. ಆಮೇಲೆ ಐದಾರು ತಿಂಗಳು ಸುದ್ದಿಯೇ ಇಲ್ಲ. ಕೊನೆಗೆ ಯಾರೂ ಹೆಸರು ಕೇಳಿರದ ಒಬ್ಬರು ಪ್ರಧಾನಿ ಆಗುತ್ತಾರೆ. ಅಲ್ಲಿ ಶಿಯಾಗಳೇ ಬಹುಸಂಖ್ಯಾತರು ಅಲ್ವಾ? ಎಲ್ಲರೂ ಸೇರಿ ನಿಂತರೆ ಮುಗಿಯಿತಲ್ಲ, ಮತ್ತೆ ಈ ಒದ್ದಾಟ ಯಾಕೆ? 2005ರಿಂದ ಗಮನಿಸಿದವರು ಯಾರಾದರೂ ಇದ್ದರೆ ಸ್ವಲ್ಪ ಬಿಡಿಸಿ ಹೇಳಿ.

ಸುಮ್ನೆಓದುಗ:
ಇದರಲ್ಲಿ ಬಿಡಿಸೋಕೆ ಏನಿದೆ? ಒಂದು ಕಡೆ ಅಮೆರಿಕ, ಇನ್ನೊಂದು ಕಡೆ ಇರಾನ್. ಅವರಿಬ್ಬರೂ ಒಪ್ಪಿದವನು ಪ್ರಧಾನಿ. ಚುನಾವಣೆ ಎಲ್ಲ ನಾಟಕ.

ಲೆಕ್ಕದಮೇಷ್ಟ್ರು:
ಓದುಗರೇ, ಹೊರಗಿನವರ ಕೈ ಇದೆ, ಇಲ್ಲ ಅನ್ನಲ್ಲ. ಆದರೆ ಅಷ್ಟೇ ಆಗಿದ್ದರೆ ಅಲ್ಲಿನವರು ಒಂದೊಂದು ಸೀಟಿಗೆ, ಒಂದೊಂದು ಓಟಿಗೆ ಅಷ್ಟು ಕಿತ್ತಾಡುತ್ತಿರಲಿಲ್ಲ. ನಾನು ಇಪ್ಪತ್ತು ವರ್ಷದಿಂದ ಇದನ್ನು ಕ್ರಿಕೆಟ್ ಸ್ಕೋರ್ ಥರ ನೋಡುತ್ತಿದ್ದೇನೆ (ಮನೆಯಲ್ಲಿ ಬೈಸಿಕೊಂಡೂ ಇದ್ದೇನೆ). ನನ್ನ ಮಾತು ಇಷ್ಟೇ. ಆ ಕೂಟ ಕಟ್ಟಿದ್ದು ಓಟು ಎಣಿಸುವ ದಿನಕ್ಕೆ. ಮರುದಿನಕ್ಕೆ ಅಲ್ಲ.

ಮೊದಲಿಂದ ಹೇಳುತ್ತೇನೆ. ಸದ್ದಾಂ ಬಿದ್ದ ಮೇಲೆ ಅಮೆರಿಕದ ಆಡಳಿತಗಾರ ಪಾಲ್ ಬ್ರೆಮರ್ ನೇರ ಚುನಾವಣೆ ಸದ್ಯಕ್ಕೆ ಬೇಡ, ಪ್ರಾಂತ್ಯಗಳಲ್ಲಿ ಆಯ್ದ ಜನರ ಸಭೆ ಮಾಡಿ ಪ್ರತಿನಿಧಿಗಳನ್ನು ಆರಿಸೋಣ ಅಂದರು. ನಜಫ್‌ನ ಹಿರಿಯ ಧರ್ಮಗುರು ಆಯತೊಲ್ಲಾ ಸಿಸ್ತಾನಿ ಒಪ್ಪಲಿಲ್ಲ. ಸಂವಿಧಾನ ಬರೆಯುವವರನ್ನು ಜನರೇ ಆರಿಸಬೇಕು ಅಂತ 2003ರ ಜೂನ್‌ನಲ್ಲೇ ಅವರ ಫತ್ವಾ ಬಂದಿತ್ತು. 2004ರ ಜನವರಿಯಲ್ಲಿ ಬಸ್ರಾ, ಬಾಗ್ದಾದ್ ಬೀದಿಗಳಲ್ಲಿ ಚುನಾವಣೆ ಕೊಡಿ ಅಂತ ಭಾರಿ ಮೆರವಣಿಗೆ ನಡೆಯಿತು. ಸಭೆಗಳ ಯೋಜನೆ ಮೂಲೆ ಸೇರಿತು. ಅಮೆರಿಕ ಹಾಕಿದ ಗೆರೆಯನ್ನೇ ಅಳಿಸಿ ಬಂದ ಚುನಾವಣೆ ಅದು ಓದುಗರೇ, ಪೂರ್ತಿ ನಾಟಕ ಅನ್ನಬೇಡಿ.

ಆಮೇಲೆ ಯುನೈಟೆಡ್ ಇರಾಕಿ ಅಲಯನ್ಸ್ ಹುಟ್ಟಿತು. ಪಟ್ಟಿ ಕಟ್ಟಿದ್ದು ಸಿಸ್ತಾನಿಯವರ ಆಶೀರ್ವಾದ ಇದ್ದ ಸಮಿತಿ. ಅದನ್ನು ನಡೆಸಿದವರು ಹುಸೇನ್ ಶಹ್ರಿಸ್ತಾನಿ, ಅಣು ವಿಜ್ಞಾನಿ, ಸದ್ದಾಂ ಜೈಲಿನಲ್ಲಿ ಇದ್ದು ಬಂದವರು. ಒಳಗೆ ಯಾರಿದ್ದರು ಅಂತ ಕೇಳಿ. ಅಬ್ದುಲ್ ಅಜೀಜ್ ಹಕೀಮರ ಸುಪ್ರೀಂ ಕೌನ್ಸಿಲ್ ಅನ್ನುವ ಪಕ್ಷ, ದಾವಾ ಪಕ್ಷ, ಫದೀಲಾ ಪಕ್ಷ, ಸ್ವಂತ ಪಡೆ ಇದ್ದ ಧರ್ಮಗುರು ಮುಕ್ತದಾ ಸದರ್ ಕಡೆಯ ಒಂದಷ್ಟು ಜನ, ಸಾಲದ್ದಕ್ಕೆ ಸೂಟುಬೂಟಿನ ಅಹ್ಮದ್ ಚಲಾಬಿ. ಹಕೀಮರ ಜನ ಮತ್ತು ಸದರ್ ಜನ ಬೀದಿಯಲ್ಲಿ ಎದುರಾದರೆ ಹೊಡೆದಾಟ ಗ್ಯಾರಂಟಿ. ಇವರೆಲ್ಲ ಒಂದೇ ಪಟ್ಟಿ, ನಂಬರ್ 169, ಗುರುತು ಮೇಣದಬತ್ತಿ.

ಅಲೀಪುರದವ:
ಮೇಷ್ಟ್ರೇ, 169 ಅಂದ ತಕ್ಷಣ ನಗು ಬಂತು. ನಾನು ಗೌರಿಬಿದನೂರು ತಾಲ್ಲೂಕಿನ ಅಲೀಪುರದವನು. ನಮ್ಮೂರಲ್ಲಿ ಶಿಯಾಗಳೇ ಜಾಸ್ತಿ, ಓದೋಕೆ ಇರಾನ್, ಇರಾಕ್ ಕಡೆ ಹೋಗುವ ಹುಡುಗರು ಮೊದಲಿನಿಂದಲೂ ಇದ್ದಾರೆ. ನಮ್ಮ ಮಾವ 2005ರಲ್ಲಿ ಇರಾನಿನ ಕುಮ್ ಊರಿನಲ್ಲಿ ಓದುತ್ತಿದ್ದರು. ಆ ಸಲ ಹೊರದೇಶದಲ್ಲಿದ್ದ ಇರಾಕಿಗಳಿಗೂ ಓಟು ಇತ್ತು, ಇರಾನ್ ಸೇರಿ 14 ದೇಶಗಳಲ್ಲಿ. ಮಾವನ ಜೊತೆ ಓದುತ್ತಿದ್ದ ಇರಾಕಿ ಹುಡುಗರು ಹೋಗಿ ಓಟು ಹಾಕಿ ಬಂದು ನೇರಳೆ ಬೆರಳು ತೋರಿಸುತ್ತಾ ಓಡಾಡಿದರಂತೆ. ನಮ್ಮ ಹಾಗೆ ಉಗುರ ಮೇಲೆ ಒಂದು ಗೀರಲ್ಲ, ಬೆರಳನ್ನೇ ಶಾಯಿಯಲ್ಲಿ ಅದ್ದುವುದು. ಯಾವ ಪಕ್ಷಕ್ಕೆ ಹಾಕಿದ್ರೋ ಅಂದರೆ ಯಾರೂ ಪಕ್ಷದ ಹೆಸರು ಹೇಳಲಿಲ್ಲವಂತೆ. 169 ಅಂತಿದ್ದರು, ಇಲ್ಲಾಂದ್ರೆ ಶಮ್ಮಾ ಅಂತಿದ್ದರು, ಅಂದರೆ ಮೇಣದಬತ್ತಿ.

ಲೆಕ್ಕದಮೇಷ್ಟ್ರು:
ವಾಹ್, ಇದು ನನಗೆ ಹೊಸದು. ಮಾವನಿಗೆ ನನ್ನ ಸಲಾಂ ತಿಳಿಸಿ.

ಪಟ್ಟಿಯ ನಂಬರೇ ಜನರ ಬಾಯಲ್ಲಿ ಇದ್ದದ್ದಕ್ಕೆ ಕಾರಣವೂ ಇದೆ. 2005ರ ಜನವರಿ 30ರ ಚುನಾವಣೆಯಲ್ಲಿ ಇಡೀ ದೇಶವೇ ಒಂದು ಕ್ಷೇತ್ರ. ಓಟು ಪಟ್ಟಿಗೆ, ಅಭ್ಯರ್ಥಿಗೆ ಅಲ್ಲ. ಭಯಕ್ಕೆ ಎಷ್ಟೋ ಅಭ್ಯರ್ಥಿಗಳ ಹೆಸರನ್ನೇ ಕೊನೆತನಕ ಹೊರಗೆ ಬಿಡಲಿಲ್ಲ. ಸುನ್ನಿ ಪ್ರದೇಶಗಳು ಹೆಚ್ಚುಕಮ್ಮಿ ಬಹಿಷ್ಕಾರ ಹಾಕಿದವು. ಅಲಯನ್ಸ್‌ಗೆ ಸುಮಾರು 40.7 ಲಕ್ಷ ಓಟು, 48%. ಸಣ್ಣಪುಟ್ಟ ಪಟ್ಟಿಗಳು ಸೊನ್ನೆ ಸುತ್ತಿದ್ದರಿಂದ ಇವರಿಗೆ 275ರಲ್ಲಿ 140 ಸೀಟು. ಅರ್ಧ ದಾಟಿತು. ಒಂದೇ ಪಟ್ಟಿಯಲ್ಲಿ ಆ ಕೂಟ ಅರ್ಧ ದಾಟಿದ್ದು ಅದೊಂದೇ ಸಲ.

ಆದರೆ ಅರ್ಧ ಸಾಲಲಿಲ್ಲ. ಪ್ರಧಾನಿಯನ್ನು ಹೆಸರಿಸಬೇಕಾದ ಅಧ್ಯಕ್ಷ ಮಂಡಳಿ ಆರಿಸೋಕೆ ಮೂರರಲ್ಲಿ ಎರಡು ಪಾಲು ಬೇಕಿತ್ತು. ಹಾಗಾಗಿ 75 ಸೀಟಿನ ಕುರ್ದರ ಕೈ ಹಿಡಿಯಬೇಕಾಯಿತು. ಪ್ರಧಾನಿ ಕುರ್ಚಿಗೆ ಒಳಗಿಂದಲೇ ಚಲಾಬಿ ಟವೆಲ್ ಹಾಕಿದ್ದರು. ಕೊನೆಗೆ ಹಿಂದೆ ಸರಿದರು. ದಾವಾದ ಇಬ್ರಾಹಿಂ ಜಾಫರಿ ಪ್ರಧಾನಿ ಆದರು.

ಕಾಫಿಕಣಿವೆ:
ಅಂದರೆ ಚೆನ್ನಾಗಿ ಗೆದ್ದ ಸಲವೇ ತಿಂಗಳುಗಟ್ಟಲೆ ಎಳೆದಾಡಿದರಾ?

ಲೆಕ್ಕದಮೇಷ್ಟ್ರು:
ಹೌದು, ಜನವರಿಯಲ್ಲಿ ಓಟು, ಸರ್ಕಾರ ಬರುವ ಹೊತ್ತಿಗೆ ಏಪ್ರಿಲ್ ಕೊನೆ. ಮುಂದಿನದರ ಪಕ್ಕ ಇಟ್ಟರೆ ಇದು ಏನೇನೂ ಅಲ್ಲ.

ಅದೇ ವರ್ಷ ಡಿಸೆಂಬರ್ 15ಕ್ಕೆ ಮತ್ತೆ ಚುನಾವಣೆ. ಈ ಸಲ ಪ್ರಾಂತ್ಯವಾರು ಸೀಟು. ಸುನ್ನಿಗಳೂ ಬಂದು ಓಟು ಹಾಕಿದರು. ಅಲಯನ್ಸ್ ಓಟು 50 ಲಕ್ಷ ದಾಟಿತು, ಸೀಟು ಮಾತ್ರ 128ಕ್ಕೆ ಇಳಿಯಿತು. ಬಹುಮತಕ್ಕೆ 10 ಕಡಿಮೆ. ಚಲಾಬಿ ಮುನಿಸಿಕೊಂಡು ಹೊರಗೆ ಹೋಗಿ ತನ್ನದೇ ಪಟ್ಟಿ ಹಾಕಿದ್ದರು. ಒಂದೂ ಸೀಟು ಬರಲಿಲ್ಲ! 2010ಕ್ಕೆ ತೆಪ್ಪಗೆ ಮತ್ತೆ ಶಿಯಾ ಕೂಟಕ್ಕೇ ವಾಪಸ್.

ಈಗ ನಾನು ತುಂಬಾ ಇಷ್ಟಪಡುವ ಭಾಗ. 2006ರ ಫೆಬ್ರವರಿ. ಪ್ರಧಾನಿ ಯಾರು ಅಂತ ಕೂಟದ ಒಳಗೇ ಗುಟ್ಟಿನ ಮತದಾನ ಇಟ್ಟರು. ಒಂದು ಕಡೆ ಜಾಫರಿ, ಇನ್ನೊಂದು ಕಡೆ ಸುಪ್ರೀಂ ಕೌನ್ಸಿಲ್‌ನ ಆದಿಲ್ ಅಬ್ದುಲ್ ಮಹ್ದಿ. ಜಾಫರಿಗೆ 64, ಮಹ್ದಿಗೆ 63. ಒಂದೇ ಓಟು! ಜಾಫರಿ ಗೆದ್ದದ್ದು ಸದರ್ ಕಡೆಯವರು ಹಿಂದೆ ನಿಂತಿದ್ದರಿಂದ. ಅದೇ ಕಾರಣಕ್ಕೆ ಕುರ್ದರು, ಸುನ್ನಿಗಳು, ಅಮೆರಿಕ ಎಲ್ಲರೂ ಇವರು ಬೇಡ ಅಂತ ಕೂತರು. ಆ ನಡುವೆ ಫೆಬ್ರವರಿ 22ಕ್ಕೆ ಸಮರ್ರಾದ ಅಸ್ಕರಿ ದರ್ಗಾದ ಚಿನ್ನದ ಗುಮ್ಮಟ ಉಡಾಯಿಸಿದರು. ಊರೂರಲ್ಲಿ ಹೆಣ ಬೀಳುತ್ತಿದ್ದವು, ಇವರು ಮಾತ್ರ ಕುರ್ಚಿ ಮಾತು ಮುಗಿಸಲಿಲ್ಲ. ಕೊನೆಗೆ ಜಾಫರಿಯನ್ನೂ ಬಿಟ್ಟು, ಮಹ್ದಿಯನ್ನೂ ಬಿಟ್ಟು ದಾವಾದ ಎರಡನೇ ಸಾಲಿನಲ್ಲಿದ್ದ ಒಬ್ಬರನ್ನು ಹಿಡಿದರು. ಅವರೇ ನೂರಿ ಮಾಲಿಕಿ. ಆಗ ಪೇಪರಿನಲ್ಲಿ ಜವಾದ್ ಮಾಲಿಕಿ ಅಂತ ಬರುತ್ತಿತ್ತು, ಅಷ್ಟು ಅಪರಿಚಿತ. ಯಾರಿಗೂ ತೊಂದರೆ ಕೊಡಲ್ಲ ಅಂತ ತಂದವರು ಎಂಟು ವರ್ಷ ಕುರ್ಚಿ ಬಿಡಲಿಲ್ಲ.

ಆದಿಲ್ ಅಬ್ದುಲ್ ಮಹ್ದಿ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾರೆ.

ಸುಮ್ನೆಓದುಗ:
ಜಾಫರಿ ಬೇಡ ಅಂದವರಲ್ಲಿ ಅಮೆರಿಕ ಇತ್ತು ಅಂತ ನೀವೇ ಬರೆದಿದ್ದೀರಿ. ನಾನು ಹೇಳಿದ್ದೂ ಅದೇ ತಾನೇ 🙂

ಲೆಕ್ಕದಮೇಷ್ಟ್ರು:
ಬೇಡ ಅನ್ನೋಕೆ ಅವರಿಂದ ಆಯಿತು. ಇಂಥವರೇ ಬೇಕು ಅನ್ನೋಕೆ ಆಗಲಿಲ್ಲ. ಅವರ ಒಲವು ಮಹ್ದಿ ಕಡೆ ಇತ್ತು, ಬಂದದ್ದು ಮಾಲಿಕಿ. ಇದರ ಮೇಲೆ ನಿಮ್ಮ ಜೊತೆ ರಾತ್ರಿಯಿಡೀ ಜಗಳ ಆಡಬಲ್ಲೆ, ಬೇಡ ಬಿಡಿ.

ಆ ಮೊದಲ ಅಲಯನ್ಸ್ 2007ರಲ್ಲೇ ಒಡೆಯಿತು. ಮಾರ್ಚ್‌ನಲ್ಲಿ ಫದೀಲಾ, ಸೆಪ್ಟೆಂಬರ್‌ನಲ್ಲಿ ಸದರ್ ಕಡೆಯವರು ಹೊರನಡೆದರು. 2008ರಲ್ಲಿ ಮಾಲಿಕಿ ಬಸ್ರಾಗೆ ಸೈನ್ಯ ನುಗ್ಗಿಸಿ ಸದರ್ ಪಡೆಯನ್ನೇ ಹೊಡೆದರು. ತನ್ನನ್ನು ಕುರ್ಚಿಗೆ ಏರಿಸಿದವರನ್ನೇ! ಜನಕ್ಕೆ ಮಾತ್ರ ಅದು ಹಿಡಿಸಿತು. 2009ರ ಪ್ರಾಂತೀಯ ಚುನಾವಣೆಯಲ್ಲಿ ಅವರ ಹೊಸ ಪಟ್ಟಿ ಸ್ಟೇಟ್ ಆಫ್ ಲಾ ಬಾಗ್ದಾದ್, ಬಸ್ರಾ ಎರಡರಲ್ಲೂ ಮೊದಲು ಬಂತು. ಅಲ್ಲಿಂದ ಅವರಿಗೆ ಒಬ್ಬರೇ ಸಾಕು ಅನ್ನುವ ಧೈರ್ಯ.

ಹುಬ್ಬಳ್ಳಿಬಸ್ಸು:
2010ರಲ್ಲಿ ಮಾಲಿಕಿ ಗೆದ್ದದ್ದು ನೆನಪಿದೆ, 89 ಸೀಟು, ಮೊದಲನೇ ಸ್ಥಾನ.

ಲೆಕ್ಕದಮೇಷ್ಟ್ರು:
89 ಸರಿ, ಮೊದಲನೇ ಸ್ಥಾನ ತಪ್ಪು. 325ರಲ್ಲಿ ಇಯಾದ್ ಅಲ್ಲಾವಿಯವರ ಇರಾಕಿಯಾಗೆ 91. ಅಲ್ಲಾವಿ ಶಿಯಾನೇ, ಆದರೆ ಅವರದು ಜಾತ್ಯತೀತ ಪಟ್ಟಿ, ಸುನ್ನಿಗಳ ಓಟು ಅಲ್ಲಿಗೆ ಬಿತ್ತು. ಮಾಲಿಕಿಗೆ 89. ಹಕೀಮ್, ಸದರ್ ಕಡೆಯವರ ಇನ್ನೊಂದು ಶಿಯಾ ಕೂಟಕ್ಕೆ 70. ಮಾಲಿಕಿ ಬಾಗ್ದಾದ್‌ನಲ್ಲಿ ಮರುಎಣಿಕೆ ಮಾಡಿಸಿದರು, ಏನೂ ಬದಲಾಗಲಿಲ್ಲ.

ಕಾಫಿಕಣಿವೆ ಅವರೇ, ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿ. ಸಂವಿಧಾನದ 76ನೇ ವಿಧಿ ಪ್ರಕಾರ ಸಂಸತ್ತಿನ ಅತಿ ದೊಡ್ಡ ಗುಂಪು ಸೂಚಿಸಿದವರಿಗೆ ಅಧ್ಯಕ್ಷರು ಸರ್ಕಾರ ರಚಿಸಲು ಹೇಳಬೇಕು. ಅಲ್ಲಿನವರು ಅದನ್ನು ಅಲ್ ಕುತ್ಲಾ ಅಲ್ ಅಕ್ಬರ್ ಅಂತಾರೆ. ದೊಡ್ಡ ಗುಂಪು ಅಂದರೆ ಯಾವುದು? ಚುನಾವಣೆಯಲ್ಲಿ ಮೊದಲು ಬಂದ ಪಟ್ಟಿಯೋ, ಆಮೇಲೆ ಕೂಡಿಕೊಂಡು ದೊಡ್ಡದಾದದ್ದೋ? ವಿಧಿಯಲ್ಲಿ ಬರೆದಿಲ್ಲ. ಫಲಿತಾಂಶ ಬರುವ ಹೊತ್ತಿಗೇ ಮಾಲಿಕಿ ಅಲ್ಲಿನ ಸುಪ್ರೀಂ ಕೋರ್ಟಿಗೆ ಕೇಳಿಸಿದರು. ಮಾರ್ಚ್ 25ಕ್ಕೆ ಕೋರ್ಟ್ ಹೇಳಿತು, ಎರಡೂ ಆಗಬಹುದು. ಅಲ್ಲಿಗೆ ಅಲ್ಲಾವಿಯವರ 91 ಬರೀ ಗೋಡೆಗೆ ಹಾಕುವ ಪ್ರಮಾಣಪತ್ರ ಆಯಿತು.

ಆದರೂ 89ಕ್ಕೆ 70 ಕೂಡಿಸಿದರೆ 159. ಬಹುಮತಕ್ಕೆ 163 ಬೇಕು. ಅದಕ್ಕಿಂತ ದೊಡ್ಡ ತೊಡಕು ಸದರ್ ಕಡೆಯವರಿಗೆ ಮಾಲಿಕಿ ಮೇಲಿದ್ದ ಸಿಟ್ಟು. ಅವರು ತಮ್ಮ ಜನರಲ್ಲೇ ಪ್ರಧಾನಿ ಯಾರಾಗಲಿ ಅಂತ ಓಟು ಹಾಕಿಸಿದರು, ಅದರಲ್ಲಿ ಜಾಫರಿ ಮೊದಲು, ಮಾಲಿಕಿ ಎಷ್ಟೋ ಹಿಂದೆ. ಅಕ್ಟೋಬರ್‌ನಲ್ಲಿ ಅದೇ ಸದರ್ ಅದೇ ಮಾಲಿಕಿಗೆ ಸೈ ಅಂದರು. ಡಿಸೆಂಬರ್ 21ಕ್ಕೆ ಸರ್ಕಾರ. ಮಾರ್ಚ್‌ನಲ್ಲಿ ಹಾಕಿದ ಓಟು ಸ್ವಾಮಿ!

ಹುಬ್ಬಳ್ಳಿಬಸ್ಸು:
ತಿದ್ದಿದ್ದಕ್ಕೆ ಥ್ಯಾಂಕ್ಸ್ ಮೇಷ್ಟ್ರೇ. ಇದು ಥೇಟ್ ನಮ್ಮ 2018ರ ಕಥೆ. ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ಮೊದಲು ಬಂದವರನ್ನು ಕರೆಯಬೇಕೋ, ಆಮೇಲೆ ಕೂಡಿಕೊಂಡವರನ್ನೋ ಅಂತ ರಾತ್ರಿಯಿಡೀ ಸುಪ್ರೀಂ ಕೋರ್ಟಿನಲ್ಲಿ ವಾದ ಆಗಿರಲಿಲ್ವಾ? ನಮ್ಮಲ್ಲಿ ರಾಜ್ಯಪಾಲರು ಮೊದಲು ಬಂದವರನ್ನು ಕರೆದರು. ಯಡಿಯೂರಪ್ಪ 17ಕ್ಕೆ ಪ್ರಮಾಣವಚನ, 19ಕ್ಕೆ ರಾಜೀನಾಮೆ.

ಬಸ್ರಾಬಿಸಿಲು:
ಬಸ್ಸಣ್ಣ, ಇನ್ನೊಂದು ತಮಾಷೆ ಹೇಳಲಾ? ಇರಾಕಿನಲ್ಲೂ 2018ರ ಮೇ 12ರಂದೇ ಓಟು. ನಮ್ಮ ರಾಜ್ಯದ್ದೂ ಮೇ 12. ನಾನು ಆಗ ಬಸ್ರಾ ಹತ್ತಿರದ ಎಣ್ಣೆ ಬಾವಿಯಲ್ಲಿ ಗುತ್ತಿಗೆ ಕೆಲಸದಲ್ಲಿದ್ದೆ. ಒಂದು ಮೊಬೈಲ್‌ನಲ್ಲಿ ಕನ್ನಡ ನ್ಯೂಸ್ ಚಾನೆಲ್, ಪಕ್ಕದಲ್ಲಿ ಇರಾಕಿ ಗೆಳೆಯನ ಟಿವಿ. ಅವನು ನಿಮ್ಮಲ್ಲಿ ಯಾರು ಗೆದ್ದರು ಅಂದ. ಗೊತ್ತಿಲ್ಲ ಅಂದೆ. ನಿಮ್ಮಲ್ಲಿ ಅಂದೆ. ಅವನೂ ಗೊತ್ತಿಲ್ಲ ಅಂದ. ಇಬ್ಬರೂ ಚಹಾ ಕುಡಿದೆವು. ಅಲ್ಲಿ ಇಸ್ತಿಕಾನ್ ಅಂತ ಪುಟ್ಟ ಗಾಜಿನ ಲೋಟ, ಅರ್ಧ ಲೋಟ ಸಕ್ಕರೆ.

ಆ ವರ್ಷದ್ದು ನಾನೇ ಬರೆಯುತ್ತೇನೆ ಮೇಷ್ಟ್ರೇ, ನೀವು 2014 ಬೇಗ ಮುಗಿಸಿ.

ಲೆಕ್ಕದಮೇಷ್ಟ್ರು:
ಸರಿ, ಬೇಗ. 2014ರ ಏಪ್ರಿಲ್ 30. ಮಾಲಿಕಿ ಪಟ್ಟಿಗೆ 328ರಲ್ಲಿ 92, ದೊಡ್ಡ ಗೆಲುವು. ಬಾಗ್ದಾದ್‌ನಲ್ಲಿ ಅವರೊಬ್ಬರ ಹೆಸರಿಗೇ 7 ಲಕ್ಷಕ್ಕೂ ಜಾಸ್ತಿ ಓಟು. ಜೂನ್ 10ಕ್ಕೆ ಐಸಿಸ್ ಮೊಸುಲ್ ಹಿಡಿಯಿತು. ಸಿಸ್ತಾನಿಯವರು ಹೊಸಬರನ್ನು ಆರಿಸಿ ಅಂತ ದಾವಾ ನಾಯಕರಿಗೇ ಪತ್ರ ಬರೆದರು. ಆಗಸ್ಟ್‌ನಲ್ಲಿ ಅದೇ ದಾವಾದ ಹೈದರ್ ಅಬಾದಿ ಬಂದರು. ಓಟು ತಂದವರು ಒಬ್ಬರು, ಕುರ್ಚಿ ಇನ್ನೊಬ್ಬರಿಗೆ.

ಬಸ್ರಾಬಿಸಿಲು:
2018ಕ್ಕೆ ಬರೋಣ. ಅಷ್ಟೊತ್ತಿಗೆ ಶಿಯಾ ಕೂಟ ಅಂತ ಒಂದು ಉಳಿದೇ ಇರಲಿಲ್ಲ, ಐದು ಹೋಳಾಗಿತ್ತು. ಸದರ್ ಕಮ್ಯುನಿಸ್ಟರ ಜೊತೆ ಸೇರಿ ಸಾಯಿರೂನ್ ಅಂತ ಪಟ್ಟಿ ಮಾಡಿ 54 ಸೀಟಿನ ಜೊತೆ ಮೊದಲು ಬಂದರು. ನಿಜವಾಗ್ಲೂ, ಧರ್ಮಗುರು ಮತ್ತು ಕಮ್ಯುನಿಸ್ಟ್ ಪಕ್ಷ ಒಂದೇ ಪಟ್ಟಿಯಲ್ಲಿ. ಐಸಿಸ್ ಜೊತೆ ಹೋರಾಡಿದ ಪಡೆಗಳ ಫತಾಹ್ ಎರಡನೆಯದು. ಪ್ರಧಾನಿ ಅಬಾದಿಯವರ ಪಟ್ಟಿ ಮೂರನೆಯದು, ಮಾಲಿಕಿ 26ರ ಆಸುಪಾಸಿಗೆ ಕುಸಿದಿದ್ದರು. ಓಟು ಹಾಕಿದವರು ನೂರಕ್ಕೆ 45ನ್ನೂ ಮುಟ್ಟಲಿಲ್ಲ. ನನ್ನ ಗೆಳೆಯನೂ ಹಾಕಲಿಲ್ಲ. 2005ರಲ್ಲಿ ಅವನ ಅಮ್ಮ ಬಾಂಬ್ ಭಯದಲ್ಲೂ ನಡೆದು ಹೋಗಿ ಹಾಕಿದ್ದರಂತೆ, ಇವನು ಮನೆ ಎದುರಿನ ಶಾಲೆಗೂ ಹೋಗಲಿಲ್ಲ.

ಆ ಬೇಸಿಗೆ ಬಸ್ರಾದಲ್ಲಿ ನಲ್ಲಿ ನೀರು ಉಪ್ಪುಪ್ಪು, ಕೊಳಕು. ಲಕ್ಷಕ್ಕೂ ಜಾಸ್ತಿ ಜನ ಹೊಟ್ಟೆ ಕೆಟ್ಟು ಆಸ್ಪತ್ರೆ ಸೇರಿದರು. ಕರೆಂಟು ಇಲ್ಲ, ಬಿಸಿಲು 50 ಡಿಗ್ರಿ. ಸೆಪ್ಟೆಂಬರ್‌ನಲ್ಲಿ ಜನ ಪಕ್ಷಗಳ ಕಚೇರಿಗಳಿಗೆ ಬೆಂಕಿ ಇಟ್ಟರು, ಇರಾನ್ ಕಾನ್ಸುಲೇಟ್ ಕೂಡ ಸುಟ್ಟರು. ಹಚ್ಚಿದವರು ಶಿಯಾ ಹುಡುಗರೇ. ಶಿಯಾಗಳೆಲ್ಲ ಸೇರಿದರೆ ಮುಗಿಯಿತಲ್ಲ ಅಂತ ಕೇಳಿದ್ದಿರಲ್ಲ ಮೇಡಂ, ಆ ಹುಡುಗರಿಗೆ ಶಿಯಾ ಸರ್ಕಾರ ಬೇಕಿರಲಿಲ್ಲ, ಕುಡಿಯೋಕೆ ನೀರು ಬೇಕಿತ್ತು. ಎಣ್ಣೆ ಎಲ್ಲ ಅವರ ಕಾಲ ಕೆಳಗಿಂದಲೇ ಹೋಗುತ್ತಿತ್ತು.

ಅಬಾದಿ ಅವಕಾಶ ಅಲ್ಲಿಗೆ ಮುಗಿಯಿತು.

ಲೆಕ್ಕದಮೇಷ್ಟ್ರು:
ಆಗ ಯಾರು ಬಂದರು ಹೇಳಿ? ಆದಿಲ್ ಅಬ್ದುಲ್ ಮಹ್ದಿ! 2006ರಲ್ಲಿ ಒಂದು ಓಟಿನಿಂದ ಸೋತವರು. 2018ರಲ್ಲಿ ಅವರು ಚುನಾವಣೆಗೇ ನಿಂತಿರಲಿಲ್ಲ. ಸದರ್ ಬಣವೋ ಫತಾಹ್ ಬಣವೋ, ಯಾವುದು ಕುತ್ಲಾ ಅಕ್ಬರ್ ಅಂತ ಮತ್ತೆ ಜಗಳ ಬಂತು. ಇಬ್ಬರೂ ತೀರ್ಮಾನ ಮಾಡದೇ ಆ ಪ್ರಶ್ನೆಯನ್ನೇ ಚಾಪೆ ಕೆಳಗೆ ತಳ್ಳಿ ಮಹ್ದಿಯನ್ನು ಒಪ್ಪಿಕೊಂಡರು. ಹನ್ನೆರಡು ವರ್ಷ ಕಾದು ಸಿಕ್ಕ ಕುರ್ಚಿ ವರ್ಷ ಚಿಲ್ಲರೆ ಉಳಿಯಿತು. 2019ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ವಿರುದ್ಧದ ಚಳವಳಿಯಲ್ಲಿ ನೂರಾರು ಯುವಕರು ಸತ್ತರು, ನವೆಂಬರ್ ಕೊನೆಗೆ ರಾಜೀನಾಮೆ ಕೊಟ್ಟರು.

ಕಾಫಿಕಣಿವೆ:
ಇದು ಧಾರಾವಾಹಿಗಿಂತ ಚೆನ್ನಾಗಿದೆಯಲ್ಲ. 2021ರಲ್ಲಿ ಸದರ್‌ಗೆ 73 ಬಂದು, ಆಮೇಲೆ ಎಲ್ಲರೂ ರಾಜೀನಾಮೆ ಕೊಟ್ಟರು ಅಂತ ಓದಿದ್ದೆ. ಗೆದ್ದವರು ಯಾಕೆ ರಾಜೀನಾಮೆ ಕೊಡ್ತಾರೆ? ಇವತ್ತಿಗೂ ಅರ್ಥ ಆಗಿಲ್ಲ.

ಲೆಕ್ಕದಮೇಷ್ಟ್ರು:
ನನಗೂ ಪೂರ್ತಿ ಅರ್ಥ ಆಗಿಲ್ಲ. ನಡೆದದ್ದು ಹೇಳುತ್ತೇನೆ.

ಚಳವಳಿ ಆದಮೇಲೆ ಚುನಾವಣಾ ಕಾನೂನು ಬದಲಾಯಿತು. ಪಟ್ಟಿ ಹೋಯಿತು. 83 ಕ್ಷೇತ್ರ, ಒಂದೊಂದರಲ್ಲಿ ಮೂರರಿಂದ ಐದು ಸೀಟು, ಒಬ್ಬರಿಗೆ ಒಂದೇ ಓಟು, ಜಾಸ್ತಿ ಓಟು ಬಂದವರು ಮೇಲಿಂದ ಸಾಲಾಗಿ ಗೆದ್ದರು. ಇಂಥ ಪದ್ಧತಿಯಲ್ಲಿ ಎಷ್ಟು ಜನರನ್ನು ನಿಲ್ಲಿಸಬೇಕು ಅನ್ನುವುದೇ ಮುಖ್ಯ. ಮೂರು ಜನ ಗೆಲ್ಲುವಷ್ಟು ಓಟಿದ್ದು ಆರು ಜನರನ್ನು ನಿಲ್ಲಿಸಿದರೆ ಆರೂ ಜನ ಸೋಲಬಹುದು. ಸದರ್ ಕಡೆಯವರು ಶಿಸ್ತಾಗಿ ಲೆಕ್ಕ ಹಾಕಿ, ಈ ಬೀದಿಯವರು ಇವರಿಗೆ, ಆ ಬೀದಿಯವರು ಅವರಿಗೆ ಅಂತ ಹಂಚಿದರು. 54 ಇದ್ದದ್ದು 73 ಆಯಿತು. ಫತಾಹ್‌ನವರು ಒಬ್ಬರ ಓಟು ಇನ್ನೊಬ್ಬರು ತಿಂದು 17ಕ್ಕೆ ಇಳಿದರು. ಮಾಲಿಕಿ 33. ಸೋತ ಶಿಯಾ ಪಕ್ಷಗಳೆಲ್ಲ ಒಂದೇ ಚಾವಣಿ ಕೆಳಗೆ ಬಂದವು, ಅದರ ಹೆಸರು ಕೋಆರ್ಡಿನೇಷನ್ ಫ್ರೇಮ್‌ವರ್ಕ್.

ಸದರ್ ಈ ಸಲ ಹಳೆ ಆಟ ಬೇಡ ಅಂದರು. ಎಲ್ಲ ಶಿಯಾಗಳ ಜೊತೆ ಕೂತು ಹಂಚಿಕೊಳ್ಳಲ್ಲ, ಬಾರ್ಜಾನಿಯವರ ಕುರ್ದ್ ಪಕ್ಷ ಮತ್ತು ಹಲ್ಬೂಸಿಯವರ ಸುನ್ನಿಗಳ ಜೊತೆ ಬಹುಮತದ ಸರ್ಕಾರ ಮಾಡುತ್ತೇನೆ ಅಂದರು. ಸ್ಪೀಕರ್ ಆಯ್ಕೆ ಸಲೀಸಾಗಿ ಆಯಿತು. ದೇಶದ ಅಧ್ಯಕ್ಷರ ಆಯ್ಕೆಗೆ ಮಾತ್ರ ಸದನದಲ್ಲಿ ಮೂರರಲ್ಲಿ ಎರಡು ಪಾಲು ಜನ ಕೂತಿರಲೇಬೇಕು ಅಂತ ಕೋರ್ಟ್ ಹೇಳಿತು. 329ಕ್ಕೆ 220. 2022ರ ಮಾರ್ಚ್ 26ಕ್ಕೆ ಬಂದವರು 202. ಫ್ರೇಮ್‌ವರ್ಕ್ ಏನು ಮಾಡಿತು? ಏನೂ ಮಾಡಲಿಲ್ಲ. ಸುಮ್ನೆ ಸದನಕ್ಕೆ ಬರಲಿಲ್ಲ, ಅಷ್ಟೇ.

ಜೂನ್ 12ಕ್ಕೆ ಸದರ್ 73 ಜನರ ರಾಜೀನಾಮೆ ಕೊಡಿಸಿದರು. ಅಲ್ಲಿ ಉಪಚುನಾವಣೆ ಇಲ್ಲ, ಆ ಕ್ಷೇತ್ರದಲ್ಲಿ ಹಿಂದಿದ್ದವರಿಗೆ ಸೀಟು. ಹಿಂದಿದ್ದವರು ಬಹುಪಾಲು ಯಾರು? ಫ್ರೇಮ್‌ವರ್ಕ್‌ನವರೇ. ಸೋತವರು ಮನೆಯಲ್ಲಿ ಕೂತಿದ್ದಾಗ ಬಾಗಿಲಿಗೆ ಬಂದು ಸೀಟು ಕೊಟ್ಟ ಹಾಗಾಯಿತು. ತಾನು ಹೊರಗೆ ಹೋದರೆ ಎಲ್ಲರೂ ಹೆದರಿ ಕಾಲಿಗೆ ಬೀಳುತ್ತಾರೆ ಅಂದುಕೊಂಡಿದ್ದರೋ ಏನೋ, ನನ್ನ ಊಹೆ ಅಷ್ಟೇ. ಯಾರೂ ಬೀಳಲಿಲ್ಲ.

ಅಲೀಪುರದವ:
ಆಗಸ್ಟ್ 29ರ ರಾತ್ರಿ ನಾವು ಮನೆಯಲ್ಲಿ ಟಿವಿ ಆರಿಸಲೇ ಇಲ್ಲ. ಬಾಗ್ದಾದ್‌ನಲ್ಲಿ ಸರ್ಕಾರಿ ಕಚೇರಿಗಳಿರುವ ಗ್ರೀನ್ ಝೋನ್‌ನಲ್ಲಿ ಶಿಯಾಗಳೇ ಶಿಯಾಗಳಿಗೆ ಗುಂಡು ಹೊಡೆಯುತ್ತಿದ್ದರು. ಅದು ಮೊಹರಂ ಕಳೆದು ಸಫರ್ ಶುರುವಾಗಿದ್ದ ಹೊತ್ತು, ಕರ್ಬಲಾದ ಅರಬಯೀನ್ ಯಾತ್ರೆಗೆ ನಮ್ಮೂರಿನವರು ಹೊರಡುವ ತಯಾರಿಯಲ್ಲಿದ್ದರು. ಮರುದಿನ ಸದರ್ ಟಿವಿಯಲ್ಲಿ ಬಂದು ತಮ್ಮ ಜನರಿಗೆ 60 ನಿಮಿಷದಲ್ಲಿ ಜಾಗ ಖಾಲಿ ಮಾಡಿ ಅಂದರು. ಜನ ಹೇಳಿದ ಹಾಗೇ ಎದ್ದು ಹೋದರು. ಮಾವ ಒಂದೇ ಮಾತು ಹೇಳಿದರು, ಇವರಿಗೆ ಓಟಿಗಿಂತ ಇದೇ ಸುಲಭ ಆಗಿಬಿಟ್ಟಿದೆ ಅಂತ.

ಸುಮ್ನೆಓದುಗ:
ನಾಟಕ ಅಂದಿದ್ದು ವಾಪಸ್ ತಗೊಂಡೆ. ಆಮೇಲೆ ಪ್ರಧಾನಿ ಆದದ್ದು ಯಾರು?

ಬಸ್ರಾಬಿಸಿಲು:
ಮೊಹಮ್ಮದ್ ಶಿಯಾ ಸುದಾನಿ. ಫ್ರೇಮ್‌ವರ್ಕ್‌ನ ಆಯ್ಕೆ, 2022ರ ಅಕ್ಟೋಬರ್ 27ಕ್ಕೆ. ಹೆಸರಲ್ಲೇ ಶಿಯಾ ಇದೆ ಅಂತ ನಮ್ಮ ಹುಡುಗರು ನಗುತ್ತಿದ್ದರು, ಅದು ಅವರ ತಂದೆಯ ಹೆಸರು. ಹೊರಗೆ ಓಡಿಹೋಗದೇ ಸದ್ದಾಂ ಕಾಲದಲ್ಲೂ ದೇಶದಲ್ಲೇ ಇದ್ದವರು ಅಂತ ನನ್ನ ಗೆಳೆಯನಿಗೆ ಸ್ವಲ್ಪ ಗೌರವ. ಬಾಗ್ದಾದ್‌ನಲ್ಲಿ ಸೇತುವೆ, ಫ್ಲೈಓವರ್ ಕೆಲಸ ಮಾಡಿಸಿದರು, ಅದು ಕಣ್ಣಿಗೆ ಕಾಣುತ್ತೆ.

ಲೆಕ್ಕದಮೇಷ್ಟ್ರು:
ಫ್ರೇಮ್‌ವರ್ಕ್ ಕುರ್ಚಿಗೆ ಬಂದ ಮೇಲೆ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, 2023ರಲ್ಲಿ ಕಾನೂನು ತಿರುಗಿಸಿ ಹಳೆ ಪಟ್ಟಿ ಪದ್ಧತಿ ತಂದದ್ದು. 17ರ ನೋವು ಮರೆಯುತ್ತಾರಾ? 2025ರ ನವೆಂಬರ್ 11ರ ಚುನಾವಣೆಗೆ ಸದರ್ ಬಹಿಷ್ಕಾರ ಹಾಕಿದರು. ಶಿಯಾ ಪಕ್ಷಗಳು ಬೇರೆ ಬೇರೆ ಪಟ್ಟಿಯಲ್ಲಿ ನಿಂತವು. ಸುದಾನಿ ತಮ್ಮದೇ ಪಟ್ಟಿ ಹಾಕಿ 46 ಸೀಟಿನ ಜೊತೆ ಮೊದಲು ಬಂದರು. ಫಲಿತಾಂಶ ಬಂದು ವಾರವೂ ಆಗಿರಲಿಲ್ಲ, ಎಲ್ಲರೂ ಸೇರಿ ನಾವೇ ಕುತ್ಲಾ ಅಕ್ಬರ್ ಅಂತ ಘೋಷಿಸಿದರು.

ಕಾಫಿಕಣಿವೆ:
ಹಾಗಾದರೆ ಮೊದಲು ಬಂದ ಸುದಾನಿಯವರಿಗೇ ಕುರ್ಚಿ ಅಂತ ಲೆಕ್ಕನಾ?

ಹುಬ್ಬಳ್ಳಿಬಸ್ಸು:
ಮೇಡಂ, ಅಲ್ಲಾವಿ 91.

ಕಾಫಿಕಣಿವೆ:
ಹ್ಞಾಂ, ಸರಿ ಸರಿ. ಮೇಷ್ಟ್ರೇ ಒಂದು ಕೊನೇ ಸಂಶಯ, 2006ರಲ್ಲಿ 64 ಮತ್ತು 63 ಕೂಡಿಸಿದರೆ 127 ಆಗುತ್ತೆ. ಅವರಿಗೆ 128 ಸೀಟು ಇತ್ತಲ್ಲ?

ಲೆಕ್ಕದಮೇಷ್ಟ್ರು:
ನನ್ನ ಕ್ಲಾಸಿನಲ್ಲಿ ಇರಬೇಕಿತ್ತು ನೀವು. ರಿಸಾಲಿಯೂನ್ ಅಂತ ಒಂದು ಪುಟ್ಟ ಪಟ್ಟಿ ಇತ್ತು, ಎರಡು ಸೀಟು, ಅವರೂ ಕೂಟದ ಜೊತೆ ಸೇರಿಕೊಂಡಿದ್ದರು. ಅಂದರೆ ಒಟ್ಟು 130. ಎಲ್ಲರೂ ಯಾರದಾದರೂ ಹೆಸರು ಬರೆಯಲಿಲ್ಲ, ಖಾಲಿ ಚೀಟಿ ಹಾಕಿದವರೂ ಇದ್ದರು. ಒಂದೇ ಓಟಿನಲ್ಲಿ ಪ್ರಧಾನಿ ತೀರ್ಮಾನ ಆಗುವ ದಿನ ಖಾಲಿ ಚೀಟಿ ಹಾಕಿದವರು ಯಾರಿರಬಹುದು ಅಂತ ನಾನು ಇನ್ನೂ ಯೋಚಿಸುತ್ತಿರುತ್ತೇನೆ.